ದುಡಿಯೋ ಕೈ ನಿಂತರೆ ಮನೆ ಎಷ್ಟು ದಿನ ನಿಲ್ಲುತ್ತೆ?

2024ರ ಜೂನ್ 1, ಶನಿವಾರ. ದಾವಣಗೆರೆಯ ಒಂದು ಚಿನ್ನದ ಸಾಲದ ಆಫೀಸಿನಲ್ಲಿ ಅಕ್ಕನ ಪಕ್ಕ ಕೂತಿದ್ದೆ. ನಮ್ಮ ಟೋಕನ್ 17, ಒಳಗೆ ನಡೆಯುತ್ತಿದ್ದದ್ದು 9. ಕೈಯಲ್ಲಿ ಅವತ್ತಿನ ಪೇಪರ್ ಇತ್ತು. ಹಿಂದಿನ ದಿನವಷ್ಟೇ ಕೇಂದ್ರ ಸರ್ಕಾರ ಲೆಕ್ಕ ಬಿಡುಗಡೆ ಮಾಡಿತ್ತು: 2023-24ರಲ್ಲಿ ದೇಶದ ಜಿಡಿಪಿ, ಅಂದರೆ ವರ್ಷದಲ್ಲಿ ದೇಶದೊಳಗೆ ಹುಟ್ಟಿದ ಸರಕು-ಸೇವೆಗಳ ಒಟ್ಟು ಬೆಲೆ, ಶೇ 8.2ರಷ್ಟು ಬೆಳೆದಿದೆ. ನಾನು ಆಡಿಟರ್ ಒಬ್ಬರ ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಲೆಕ್ಕ ಬರೆಯುವವನು. ಅಂಗಡಿಗಳ ಜಿಎಸ್‌ಟಿ ರಿಟರ್ನ್ ತುಂಬುವಾಗ ವಹಿವಾಟು ವರ್ಷದಿಂದ ವರ್ಷಕ್ಕೆ ಏರುವುದನ್ನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಆ ಅಂಕಿ ಸುಳ್ಳು ಅಂತ ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ. ಆದರೆ ಆ ಅಂಕಿಯನ್ನೂ ಆ ಕೋಣೆಯನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಆ ಕಸಿವಿಸಿ ಇನ್ನೂ ಹೋಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಜೂನ್ ಅಂದರೆ ನಮ್ಮ ಕಡೆ ದುಡ್ಡು ಬೇಕೇ ಬೇಕಾದ ತಿಂಗಳು. ಆನಗೋಡು ಕಡೆಯ ರೈತರೊಬ್ಬರು ಮೆಕ್ಕೆಜೋಳದ ಬೀಜ, ಗೊಬ್ಬರಕ್ಕೆಂದು ಹೆಂಡತಿಯ ಸರ ತಂದಿದ್ದರು. ಇಬ್ಬರು ತಾಯಂದಿರು ಸ್ಕೂಲ್ ಫೀಸಿಗೆ ಬಂದಿದ್ದರು. ಅಕ್ಕ ಬಂದದ್ದು ಆಸ್ಪತ್ರೆಯ ಸಾಲ ತೀರಿಸಲು. ನಮ್ಮ ನಂಬರ್ ಬಂದಾಗ ಅವಳು ಕೌಂಟರಿನ ಮುಂದೆ ನಿಂತು ಮೊದಲು ಸರ ಬಿಚ್ಚಿದಳು, ಆಮೇಲೆ ಒಂದೊಂದಾಗಿ ಬೆಂಡೋಲೆ, ಜುಮುಕಿ. ಬಿಚ್ಚಿದ ಮೇಲೆ ಪರ್ಸಿನ ಜಿಪ್ಪು ತೆಗೆದು, ಉಗುರಿನಷ್ಟು ಉದ್ದಕ್ಕೆ ಮುರಿದಿದ್ದ ಎರಡು ಪೊರಕೆ ಕಡ್ಡಿ ಹೊರಗೆ ತೆಗೆದಳು. ತೂತು ಮುಚ್ಚಿಕೊಳ್ಳಬಾರದಲ್ಲ. ಮನೆಯಿಂದಲೇ ಮುರಿದು, ತುದಿ ಉಜ್ಜಿ ನಯ ಮಾಡಿ ತಂದಿದ್ದಳು. ಗಾಜಿನ ಆಚೆ ಹುಡುಗ ಒರೆಗಲ್ಲಿಗೆ ಬೆಂಡೋಲೆ ಉಜ್ಜಿ, ಆಸಿಡ್ಡಿನ ಒಂದು ಹನಿ ಬಿಟ್ಟು ನೋಡುತ್ತಿದ್ದ. ಈಚೆ ಅಕ್ಕ ಕನ್ನಡಿಯಿಲ್ಲದೆ, ಬೆರಳಲ್ಲೇ ತಡಕಾಡಿ ಕಡ್ಡಿ ಏರಿಸಿಕೊಂಡಳು. ಕಲ್ಲಿನ ತೂಕ ಕಳೆದು 23 ಗ್ರಾಂ. ಗ್ರಾಮಿಗೆ ಆಗ ಆರೂವರೆ ಸಾವಿರ ದಾಟಿತ್ತು. ರಿಸರ್ವ್ ಬ್ಯಾಂಕಿನ ಆಗಿನ ನಿಯಮದ ಪ್ರಕಾರ ಬೆಲೆಯ ಶೇ 75ರವರೆಗೆ ಮಾತ್ರ ಸಾಲ. ಒಂದು ಲಕ್ಷದ ಹತ್ತು ಸಾವಿರ ಕೈಗೆ ಬಂತು. ಸಹಿ ಹಾಕುವ ಮೊದಲು ಅಕ್ಕ ಆ ಹುಡುಗನನ್ನು ಕೇಳಿದ್ದು ಒಂದೇ ಮಾತು: "ಬಿಡಿಸ್ಕಳಾಕೆ ಎಷ್ಟ್ ದಿನ ಟೈಮ್ ಐತಪ್ಪ?"

ಆ ಬೆಂಡೋಲೆ ನಮ್ಮವ್ವನವು.

ಅಪ್ಪನ ಬೆರಳು

ನಮ್ಮೂರನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು. ಅಪ್ಪ ಆ ಮಿಲ್ಲುಗಳಲ್ಲೊಂದರಲ್ಲಿ ಸ್ಪಿನ್ನಿಂಗ್‌ನಲ್ಲಿದ್ದರು. 1986ರಲ್ಲಿ, ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ರಾತ್ರಿ ಪಾಳಿಯಲ್ಲಿ ಅವರ ಬಲಗೈಯ ಎರಡು ಬೆರಳು ಮಷೀನಿಗೆ ಸಿಕ್ಕವು. ಬೆಳಗಿನ ಜಾವ ಇಬ್ಬರು ಜೊತೆಗಾರರು ಅವರನ್ನು ಸೈಕಲ್ ಮೇಲೆ ಕೂರಿಸಿಕೊಂಡು ಮನೆಗೆ ತಂದು ಬಿಟ್ಟದ್ದು, ಕೈಗೆ ಸುತ್ತಿದ್ದ ಬಟ್ಟೆಗೆ ಹತ್ತಿಯ ನಾರು ಅಂಟಿಕೊಂಡು ರಕ್ತದಲ್ಲಿ ಗಟ್ಟಿಯಾಗಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಮೂರು ತಿಂಗಳು ಅಪ್ಪ ಮಿಲ್ಲಿಗೆ ಹೋಗಲಿಲ್ಲ. ಆ ಮೂರು ತಿಂಗಳು ಮನೆಯಲ್ಲಿ ಏನಾಯಿತು ಅನ್ನುವುದು ನಾನು ಹೇಳಬೇಕೆಂದಿರುವ ವಿಷಯ. ಏನೂ ಆಗಲಿಲ್ಲ. ಇಎಸ್‌ಐ ಅನ್ನುವ ಕಾರ್ಮಿಕರ ವಿಮೆಯ ಡಿಸ್ಪೆನ್ಸರಿಯಲ್ಲಿ ಡ್ರೆಸ್ಸಿಂಗ್, ಮಾತ್ರೆ, ಒಂದು ಚೀಟಿ. ಆ ಚೀಟಿ ತೋರಿಸಿದರೆ ದುಡ್ಡು. ಸಂಬಳದಷ್ಟಿಲ್ಲ, ಆದರೆ ರೊಟ್ಟಿಗೆ, ಬಾಡಿಗೆಗೆ, ನಮ್ಮಿಬ್ಬರ ನೋಟ್‌ಬುಕ್ಕಿಗೆ ಸಾಕಾಗುವಷ್ಟು. ಅವ್ವ ಯಾರ ಮನೆ ಬಾಗಿಲಿಗೂ ಹೋಗಲಿಲ್ಲ. ಅವಳ ಕಿವಿಯಲ್ಲಿ ಬೆಂಡೋಲೆ ಹಾಗೇ ಇದ್ದವು.

ಅಪ್ಪ ಶ್ರೀಮಂತರಾಗಿರಲಿಲ್ಲ. ವಠಾರದಲ್ಲಿ ಹತ್ತು ಅಡಿಯ ಒಂದು ಕೋಣೆ, ಆಚೆ ಒಂದು ಅಡುಗೆ ಮೂಲೆ, ಆರು ಮನೆಗೆ ಒಂದು ನಲ್ಲಿ. ವರ್ಷಕ್ಕೊಮ್ಮೆ, ದೀಪಾವಳಿ ಬೋನಸ್ಸಿಗೆ ಬಟ್ಟೆ. ಆವಾಗಿನ ನಮ್ಮ ಮನೆಯ ಆದಾಯವನ್ನೂ ಇವತ್ತಿನ ಅಕ್ಕನ ಮನೆಯ ಆದಾಯವನ್ನೂ ಬೆಲೆಯೇರಿಕೆ ಕಳೆದು ಪಕ್ಕಪಕ್ಕ ಇಟ್ಟರೆ ಅಕ್ಕನದೇ ಹೆಚ್ಚು. ನಾನೇ ಕೂತು ಲೆಕ್ಕ ಹಾಕಿದ್ದೇನೆ. ಅವಳ ಮನೆಯಲ್ಲಿ ಗ್ಯಾಸ್ ಇದೆ, ಫ್ರಿಜ್ ಇದೆ, ಮಗಳು ಸೈನ್ಸ್ ತಗೊಂಡು ಸೆಕೆಂಡ್ ಪಿಯುಸಿ ಓದುತ್ತಿದ್ದಳು, ಭಾವನ ಹೆಸರಲ್ಲಿ ಸ್ವಂತ ಲಗೇಜ್ ಆಟೊ ಇದೆ. ಯಾವ ಲೆಕ್ಕದಲ್ಲಿ ನೋಡಿದರೂ ಅವಳು ಅವ್ವನಿಗಿಂತ ಮೇಲೆ ಬಂದವಳು. ಆದರೆ ಅಪ್ಪನ ಬೆರಳು ಹೋದಾಗ ಅಲುಗಾಡದ ಮನೆ, ಭಾವನ ಕಾಲು ಮುರಿದಾಗ ಕುಸಿದು ಕೂತಿತು.

ಭಾವ ಎಪಿಎಂಸಿಯಿಂದ ಮಾಲು ಹೊಡೆಯುತ್ತಾರೆ. ಏಪ್ರಿಲ್‌ನಲ್ಲಿ ಒಂದು ರಾತ್ರಿ ಹರಿಹರದಲ್ಲಿ ಮಾಲು ಇಳಿಸಿ ಬರುವಾಗ ಹೈವೇ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಗಾಡಿ ಮಗುಚಿತು. ಮೊಣಕಾಲ ಕೆಳಗಿನ ಎರಡೂ ಮೂಳೆ ಮುರಿದಿದ್ದವು. ದಾರಿಹೋಕರು ಹತ್ತಿರದ ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ ಅನ್ನುವುದು ನನಗೆ ಗೊತ್ತಿತ್ತು. ಆ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿಲ್ಲ ಅನ್ನುವುದು ಗೊತ್ತಾದದ್ದು ಕಾಲಿಗೆ ರಾಡ್ ಹಾಕಿದ ಮೇಲೆ. ರಾತ್ರಿ ಹನ್ನೊಂದು ಗಂಟೆಗೆ ರಕ್ತ ಸುರಿಯುವ ಕಾಲು ಹಿಡಿದುಕೊಂಡು ಯಾರು ಪಟ್ಟಿ ಕೇಳುತ್ತಾರೆ? ಬಿಲ್ಲು 1,85,000. ಇದ್ದದ್ದು, ಕೈಸಾಲ ತಂದದ್ದು ಎಲ್ಲ ಸೇರಿಸಿ ಕಟ್ಟಿದೆವು. ನಾಲ್ಕು ತಿಂಗಳು ಗಾಡಿ ಓಡಲಿಲ್ಲ, ಆದರೆ ಗಾಡಿಯ ಕಂತು ನಿಲ್ಲಲಿಲ್ಲ. ಕೈಸಾಲ ಕೊಟ್ಟವರು ಕೇಳಲು ಶುರು ಮಾಡಿದಾಗ ಅಕ್ಕನೇ ಹೇಳಿದಳು: "ತಮ್ಮಾ, ಕಿವ್ಯಾಗಿಂದು ಇಟ್ಟು ಬರಣ ನಡಿ."

ಬೆಳವಣಿಗೆ ಕೊಟ್ಟದ್ದನ್ನು ಇಲ್ಲ ಅನ್ನಲಾರೆ

ಮಿಲ್ಲಿನ ಕಾಲ ಬಲು ಚೆನ್ನಾಗಿತ್ತು ಅಂತ ನಿಟ್ಟುಸಿರು ಬಿಡುವವರ ಜೊತೆ ನಾನು ಸೇರುವುದಿಲ್ಲ. ಅವ್ವ ಹೆತ್ತದ್ದು ನಾಲ್ಕು, ಉಳಿದದ್ದು ಎರಡು. ಒಂದು ಕೂಸು ಎಂಟು ತಿಂಗಳಿಗೆ ವಾಂತಿಭೇದಿಯಿಂದ ಹೋಯಿತು. ಇವತ್ತಾದರೆ ಅಂಗನವಾಡಿಯಲ್ಲಿ ಸಿಗುವ ಒಂದು ಓಆರ್‌ಎಸ್ ಪೊಟ್ಟಣ ಅದನ್ನು ಉಳಿಸುತ್ತಿತ್ತೇನೋ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2023ಕ್ಕೆ ಅದು 25ಕ್ಕೆ ಇಳಿದಿದೆ. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯಸ್ಸು ಸುಮಾರು 32 ವರ್ಷ, ಈಗ ಸುಮಾರು 70. ಇದಕ್ಕಿಂತ ದೊಡ್ಡದು ಇನ್ನೇನಿದೆ? ನಮ್ಮ ಬೀದಿಯಲ್ಲಿ ಕೂಸು ಸತ್ತ ಮನೆ ಯಾವುದು ಅಂತ ಕೇಳಿದರೆ ಇವತ್ತಿನ ಹೆಣ್ಣುಮಕ್ಕಳು ಯೋಚಿಸಬೇಕಾಗುತ್ತದೆ. ಅವ್ವನ ಓರಗೆಯವರನ್ನು ಕೇಳಿದರೆ ಪ್ರತಿಯೊಬ್ಬರೂ ತಮ್ಮ ಮನೆಯನ್ನೇ ತೋರಿಸುತ್ತಾರೆ.

ಮಕ್ಕಳನ್ನು ಉಳಿಸಿದ ಲಸಿಕೆಗೆ, ನರ್ಸಮ್ಮನ ಸಂಬಳಕ್ಕೆ, 108ರ ಡೀಸೆಲ್ಲಿಗೆ ದುಡ್ಡು ಬಂದದ್ದು ತೆರಿಗೆಯಿಂದ, ತೆರಿಗೆ ಬಂದದ್ದು ವಹಿವಾಟು ಬೆಳೆದದ್ದರಿಂದ. ಬೆಳವಣಿಗೆ ಬೇಡ ಅನ್ನುವವರು ಹೊಟ್ಟೆ ತುಂಬಿದವರು ಅಂತಲೇ ನನ್ನ ಅನಿಸಿಕೆ. ಆದರೆ ಇದರೊಳಗೇ ಇನ್ನೊಂದು ಮಾತೂ ಇದೆ. ಕೇರಳ ದೇಶದ ಸರಾಸರಿಗಿಂತ ಶ್ರೀಮಂತವಾಗುವ ಎಷ್ಟೋ ಮೊದಲೇ ತನ್ನ ಮಕ್ಕಳನ್ನು ಉಳಿಸಿಕೊಂಡಿತು, ತನ್ನ ಹೆಣ್ಣುಮಕ್ಕಳಿಗೆ ಓದಿಸಿತು. ಅಂದರೆ ದುಡ್ಡು ಬಂದರೆ ಮಗು ತಾನಾಗಿ ಬದುಕುವುದಿಲ್ಲ. ಬಂದ ದುಡ್ಡನ್ನು ಯಾರೋ ಕೂತು, ಇದು ಮಗುವಿಗೆ ಅಂತ ಎತ್ತಿಡಬೇಕು. ಮಗುವಿನ ವಿಷಯದಲ್ಲಿ ನಾವು ತಡವಾಗಿಯಾದರೂ ಎತ್ತಿಟ್ಟೆವು. ದುಡಿಯುವವನು ಬಿದ್ದರೆ ಅವನ ಮನೆಗೆ ಅಂತ ಎತ್ತಿಟ್ಟದ್ದು ಬಹಳ ಕಡಿಮೆ.

ಯಾವುದು ಲೆಕ್ಕಕ್ಕೆ ಬರುತ್ತದೆ

ಲೆಕ್ಕ ಬರೆಯುವವನಾಗಿ ನನ್ನನ್ನು ಕಾಡಿದ್ದು ಇದು. ಆ ವರ್ಷ ಅಕ್ಕನ ಮನೆಯಲ್ಲಿ ನಡೆದದ್ದರಲ್ಲಿ ಜಿಡಿಪಿಗೆ ಸೇರಿದ್ದೇನು? ಆಸ್ಪತ್ರೆಯ ಬಿಲ್ಲು ಸೇರಿತು. ಕಾಲಿಗೆ ಹಾಕಿದ ರಾಡು, ಎಕ್ಸ್‌ರೇ, ಮಾತ್ರೆ ಸೇರಿದವು. ಚಿನ್ನದ ಸಾಲದ ಆಫೀಸು ಬಡ್ಡಿಯಲ್ಲಿ ಉಳಿಸಿಕೊಂಡದ್ದು ಹಣಕಾಸು ಸೇವೆ ಅಂತ ಸೇರಿತು. ಗಾಡಿ ರಿಪೇರಿಯಾದದ್ದೂ ಒಂದಲ್ಲ ಒಂದು ಬಾಬತ್ತಿನಲ್ಲಿ ಸೇರಿರುತ್ತದೆ. ಸೇರದೆ ಉಳಿದದ್ದು ಅಕ್ಕ ನಾಲ್ಕು ತಿಂಗಳು ಭಾವನನ್ನು ಎತ್ತಿ ಕೂರಿಸಿದ್ದು, ಗಾಯ ತೊಳೆದದ್ದು, ಬೆಡ್‌ಪ್ಯಾನ್ ಹಿಡಿದದ್ದು, ರಾತ್ರಿ ನೋವೆಂದಾಗ ಎದ್ದು ಕೂತದ್ದು. ಇದೇ ಕೆಲಸಕ್ಕೆ ಸಂಬಳದ ಆಯಾ ಇಟ್ಟುಕೊಂಡಿದ್ದರೆ ದೇಶದ ಆದಾಯ ಅಷ್ಟು ಹೆಚ್ಚಾಗುತ್ತಿತ್ತು. 2019ರಲ್ಲಿ ಸರ್ಕಾರವೇ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ ಕೊಡುತ್ತಾರೆ ಅಂತ ಬಂತು. ಸುಮಾರು ಐದು ಗಂಟೆ. ಅದು ದೇಶದ ಯಾವ ಪುಸ್ತಕದಲ್ಲೂ ಜಮೆಯಾಗುವುದಿಲ್ಲ.

ಇದನ್ನು ಮೊದಲು ಕಂಡುಹಿಡಿದವನೇನೂ ನಾನಲ್ಲ. ರಾಷ್ಟ್ರೀಯ ಆದಾಯದ ಲೆಕ್ಕವನ್ನು ಅಮೆರಿಕಕ್ಕೆ ಕಟ್ಟಿಕೊಟ್ಟ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ 1934ರ ವರದಿಯಲ್ಲೇ, ಈ ಅಂಕಿ ನೋಡಿ ಜನ ಸುಖವಾಗಿದ್ದಾರೋ ಇಲ್ಲವೋ ಹೇಳಲು ಬರುವುದಿಲ್ಲ ಅಂತ ಎಚ್ಚರಿಸಿದ್ದರು. ನಮ್ಮಲ್ಲಿ ಸ್ವಾತಂತ್ರ್ಯಕ್ಕೆ ಮೊದಲೇ ಈ ಲೆಕ್ಕವನ್ನು ಶ್ರದ್ಧೆಯಿಂದ ಮಾಡಿದವರು ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್. 1949ರಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅಧ್ಯಕ್ಷತೆಯಲ್ಲಿ ರಚನೆಯಾದ ರಾಷ್ಟ್ರೀಯ ಆದಾಯ ಸಮಿತಿಯಲ್ಲೂ ಇದ್ದರು. ಪಕ್ಕದ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದು ಹೋದವರು, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ-ಆರ್ಥಿಕ ಬದಲಾವಣೆಯ ಅಧ್ಯಯನಕ್ಕೆ ಐಸೆಕ್ ಸಂಸ್ಥೆ ಕಟ್ಟಿದವರು. ಒಂದು ಅಂಕಿ ಹುಟ್ಟಲು ಎಷ್ಟು ಊಹೆ, ಎಷ್ಟು ಬಿಟ್ಟುಬಿಡುವಿಕೆ ಬೇಕು ಅನ್ನುವುದು ಅಂಥವರಿಗೆ ಗೊತ್ತಿತ್ತು. ಅದನ್ನು ಪೇಪರಿನ ಮುಖಪುಟದಲ್ಲಿ ಓದುವ ನಮಗೆ ಯಾರೂ ಹೇಳುವುದಿಲ್ಲ.

ನಮ್ಮೂರಿನ ವಿಷಯದಲ್ಲಿ ಇದು ಇನ್ನೂ ಚುಚ್ಚುತ್ತದೆ. ಮಿಲ್ಲುಗಳು ಒಂದೊಂದಾಗಿ ಮುಚ್ಚಿದ ಮೇಲೆ ದಾವಣಗೆರೆಯನ್ನು ಎತ್ತಿ ನಿಲ್ಲಿಸಿದ್ದು ಕಾಲೇಜುಗಳು ಮತ್ತು ಆಸ್ಪತ್ರೆಗಳು. ಸುತ್ತಲ ಜಿಲ್ಲೆಗಳಿಂದ ಓದಲು, ತೋರಿಸಿಕೊಳ್ಳಲು ಇಲ್ಲಿಗೆ ಬರುತ್ತಾರೆ. ಅದು ಒಳ್ಳೆಯದೇ, ನಮ್ಮ ಮಕ್ಕಳು ಬೆಂಗಳೂರಿಗೆ ಓಡದೆ ಇಂಜಿನಿಯರು, ಡಾಕ್ಟರು ಆದರು. ಆದರೆ ಆವಾಗ ಊರಿನ ಆದಾಯ ಅಂದರೆ ಅಪ್ಪ ನೂತ ನೂಲು. ಈಗ ಊರಿನ ಆದಾಯದ ದೊಡ್ಡ ಪಾಲು ಅಂದರೆ ಅಕ್ಕ ಕಟ್ಟಿದ ಫೀಸು, ಅಕ್ಕ ಕಟ್ಟಿದ ಬಿಲ್ಲು. ಈ ಎರಡು ಬೆಳವಣಿಗೆಗೂ ಒಂದೇ ಶೇಕಡಾವಾರು ಬರೆಯುವುದು ನನ್ನ ಕೈಗೆ ಒಗ್ಗುತ್ತಿಲ್ಲ.

ದಿನದ ಲೆಕ್ಕ

ಆ ಜೂನ್ ಆದಮೇಲೆ ನಾನು ಸಿಕ್ಕವರನ್ನೆಲ್ಲ ಒಂದೇ ಪ್ರಶ್ನೆ ಕೇಳತೊಡಗಿದೆ. ನಾಳೆಯಿಂದ ನೀವು ಕೆಲಸಕ್ಕೆ ಹೋಗಲಾಗದಿದ್ದರೆ, ಸಾಲ ಮಾಡದೆ, ಒಡವೆ ಇಡದೆ, ಮನೆ ಎಷ್ಟು ದಿನ ನಡೆಯುತ್ತದೆ? ಇದೇನು ಸಮೀಕ್ಷೆಯಲ್ಲ. ಚಾ ಕುಡಿಯುವಾಗ, ರಿಟರ್ನ್ ಫೈಲ್ ಮಾಡಿಸಲು ಬಂದವರನ್ನು ಕೂರಿಸಿಕೊಂಡು ಕೇಳಿದ್ದು. ಎಪಿಎಂಸಿಯ ಹಮಾಲಿ ಬೆರಳು ಮಡಚಿ ಎಂಟು ದಿನ ಅಂದರು. ಬಟ್ಟೆ ಅಂಗಡಿಯಲ್ಲಿ ಸೇಲ್ಸಿಗಿರುವ ಹುಡುಗಿ, "ಸಂಬಳ ಬಂದ್ ಹತ್ತನೇ ತಾರೀಖಿಗೇ ಖಾಲಿ ಸರ್, ಯಾವಾಗ ಬಿದ್ರೆ ಅಂತ ಹೇಳಿ, ಆಮೇಲೆ ಲೆಕ್ಕ ಹೇಳ್ತೀನಿ" ಅಂದಳು. ಖಾಸಗಿ ಶಾಲೆಯ ಮೇಷ್ಟ್ರು ತುಂಬ ಹೊತ್ತು ಸುಮ್ಮನಿದ್ದು ಒಂದು ತಿಂಗಳು ಅಂದರು. ಸರ್ಕಾರಿ ನೌಕರಿಯಲ್ಲಿರುವ ನನ್ನ ದೊಡ್ಡಪ್ಪನ ಮಗನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮೆಡಿಕಲ್ ಲೀವ್ ಹಾಕ್ತೀನಲ್ಲ" ಅಂದ. ಅವನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಎಲ್ಲರಿಗೂ ಈ ಪ್ರಶ್ನೆ ಅರ್ಥವಾಗದಂತಾಗಬೇಕು ಅನ್ನುವುದೇ ನನ್ನ ಆಸೆ.

ಮಂಡಕ್ಕಿ ಭಟ್ಟಿಯ ರಾತ್ರಿ ಮಾತ್ರ ಮರೆಯಲಾಗುವುದಿಲ್ಲ. ನಮ್ಮ ಗಿರಾಕಿಯೊಬ್ಬರ ಸ್ಟಾಕ್ ನೋಡಲು ಹೋಗಿದ್ದೆ, ಬೆಳಗಿನ ಜಾವ ಮೂರು ಗಂಟೆ. ತಗ್ಗು ಸೂರಿನ ಕೆಳಗೆ ಒಲೆಯ ಬಾಯಿ ಕೆಂಪಗೆ ಉರಿಯುತ್ತಿತ್ತು. ಉಪ್ಪು ಹಚ್ಚಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದು ಒಬ್ಬರು ಒಂದೇ ಸಮ ಕೈಯಾಡಿಸುತ್ತಿದ್ದರು. ಚಟಪಟ ಸದ್ದು, ಕಣ್ಣು ಮಿಟುಕಿಸುವುದರೊಳಗೆ ಅಕ್ಕಿ ಹೂವಾಗಿ ಅರಳಿ ಬಾಣಲೆ ತುಂಬುತ್ತಿತ್ತು. ಪಕ್ಕದಲ್ಲಿ ಅವರ ಹೆಂಡತಿ ಜರಡಿ ಹಿಡಿದು ಮರಳು ಬೇರೆ ಮಾಡುತ್ತಿದ್ದರು. ಹೊಗೆಗೆ ನನಗೆ ಐದು ನಿಮಿಷ ನಿಲ್ಲಲಾಗಲಿಲ್ಲ. ಹೊರಗೆ ಬಂದು ಅವರಿಗೂ ಅದೇ ಪ್ರಶ್ನೆ ಕೇಳಿದೆ. ಶನಿವಾರ ಬಟವಾಡೆ ಅಂದರು, ಅದು ಮುಂದಿನ ಶನಿವಾರದವರೆಗೆ. "ಭಟ್ಟಿ ಉರಿದ್ರೆ ಮನ್ಯಾಗ್ ಒಲಿ ಉರಿತೈತಣ್ಣ. ಒಂದ್ ವಾರ ನಾನ್ ಮಲಗಿದ್ರೆ ಇವ್ಳು ಕೈಯಾಡಿಸ್ತಾಳೆ. ಇಬ್ರೂ ಮಲಗಂಗಿಲ್ಲ, ಅಷ್ಟೇ." ದಾವಣಗೆರೆ ಮಂಡಕ್ಕಿ-ಮಿರ್ಚಿ ಅಂತ ಹೊರಗಿನವರು ಹೊಗಳಿದಾಗಲೆಲ್ಲ ನನಗೆ ಆ ಕೊನೆಯ ಮಾತು ಕೇಳಿಸುತ್ತದೆ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಸರ್ಕಾರದ ಕಾರ್ಮಿಕ ಸಮೀಕ್ಷೆಯ ಪ್ರಕಾರ 2017-18ರಲ್ಲಿ ದುಡಿಯುವವರಲ್ಲಿ ಸುಮಾರು ಶೇ 52 ಜನ ಸ್ವಂತ ದುಡಿಮೆಯವರು. 2023-24ಕ್ಕೆ ಅದು ಶೇ 58 ದಾಟಿತು. ತಿಂಗಳ ಸಂಬಳದವರು ನೂರಕ್ಕೆ ಇಪ್ಪತ್ತೆರಡರ ಆಸುಪಾಸಿನಲ್ಲೇ ನಿಂತಿದ್ದಾರೆ, ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಬರಹದಲ್ಲಿ ಒಪ್ಪಂದವಿಲ್ಲ. ಸ್ವಂತ ದುಡಿಮೆ ಅನ್ನುವ ಮಾತಿನೊಳಗೆ ಭಾವನ ಆಟೊ ಇದೆ, ಸಂಜೆ ಮಿರ್ಚಿ ಕರಿಯುವ ಗಾಡಿ ಇದೆ, ಎರಡು ಎಕರೆ ಮೆಕ್ಕೆಜೋಳ ಇದೆ. ಇಎಸ್‌ಐ ಕಾಯ್ದೆ ಬಂದದ್ದು 1948ರಲ್ಲಿ, ದೇಶ ಇವತ್ತಿಗಿಂತ ಎಷ್ಟೋ ಪಾಲು ಬಡವಾಗಿದ್ದಾಗ. ಬಡ ದೇಶ ಅಪ್ಪನ ಬೆರಳಿಗೆ ಹೊಣೆ ಹೊತ್ತಿತು. ಶ್ರೀಮಂತವಾಗುತ್ತಿರುವ ದೇಶದಲ್ಲಿ ಭಾವ ಆ ವಿಮೆಯ ಹೊರಗಿದ್ದಾರೆ, ಯಾಕೆಂದರೆ ಅವರಿಗೆ ಮಾಲೀಕ ಇಲ್ಲ. ಯೋಚಿಸಿದಷ್ಟೂ ನನಗೆ ಇದೇ ಈ ಕಾಲದ ದೊಡ್ಡ ಅನ್ಯಾಯ ಅನ್ನಿಸುತ್ತದೆ.

ಏನೂ ಆಗುತ್ತಿಲ್ಲ ಅಂತಲ್ಲ. ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ ಜನ ಸ್ವಂತ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಶೇ 64 ಇದ್ದದ್ದು 2021-22ಕ್ಕೆ ಶೇ 39ಕ್ಕೆ ಇಳಿದಿದೆ ಅಂತ ಸರ್ಕಾರದ ಆರೋಗ್ಯ ಲೆಕ್ಕ ಹೇಳುತ್ತದೆ. ಆ್ಯಪ್‌ಗಳಿಗೆ ಡೆಲಿವರಿ ಮಾಡುವ ಹುಡುಗರಿಗಾಗಿ ನಮ್ಮ ರಾಜ್ಯ 2025ರಲ್ಲಿ ಕಾನೂನು ತಂದಿದೆ. ಕಂಪನಿಗಳು ಪ್ರತಿ ವ್ಯವಹಾರದ ಮೇಲೆ ಒಂದು ಪಾಲನ್ನು ಅವರ ಕ್ಷೇಮನಿಧಿಗೆ ಕಟ್ಟಬೇಕು. ಸಿಕ್ಕ ಕಡೆಯೆಲ್ಲ ಬೈಸಿಕೊಳ್ಳುವ ಗ್ಯಾರಂಟಿಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಗೃಹಲಕ್ಷ್ಮಿಯ ಎರಡು ಸಾವಿರ ಬಿಟ್ಟಿ ದುಡ್ಡು ಅನ್ನುವವರು ನಮ್ಮ ಆಫೀಸಿಗೂ ಬರುತ್ತಾರೆ. ಅಕ್ಕ ಆ ದುಡ್ಡಿನಲ್ಲಿ ತಿಂಗಳು ತಿಂಗಳು ಬಡ್ಡಿ ಕಟ್ಟಿದಳು. ಕಂತು ತಡವಾಗಿ ಬಂದ ತಿಂಗಳು ನನ್ನ ಹತ್ತಿರ ಇಸಿದುಕೊಂಡು ಕಟ್ಟಿದಳು, ಬಂದ ಕೂಡಲೇ ವಾಪಸ್ಸು ಕೊಟ್ಟಳು. ಆ ಎರಡು ಸಾವಿರ ಇಲ್ಲದಿದ್ದರೆ ಬೆಂಡೋಲೆ ಹರಾಜಿಗೆ ಹೋಗುತ್ತಿತ್ತು. ಅದು ದಿನಗಳನ್ನು ಕೊಟ್ಟಿತು, ಒಂದು ಮನೆ ನಿಲ್ಲಬಹುದಾದ ದಿನಗಳನ್ನು. ಆದರೆ ಬಡ್ಡಿ ಕಟ್ಟಲು ಸರ್ಕಾರ ದುಡ್ಡು ಕೊಡುವ ಬದಲು ಸಾಲವೇ ಬೇಡವಾಗುವಂತೆ ಮಾಡುವ ದಾರಿ 1948ರಲ್ಲೇ ನಮಗೆ ಗೊತ್ತಿತ್ತಲ್ಲ ಅನ್ನುವುದು ನನ್ನ ಸಂಕಟ.

2024ರ ಮಾರ್ಚಿನಿಂದ 2025ರ ಮಾರ್ಚಿನೊಳಗೆ ದೇಶದ ಬ್ಯಾಂಕುಗಳಲ್ಲಿ ಒಡವೆ ಮೇಲಿನ ಸಾಲದ ಬಾಕಿ ದುಪ್ಪಟ್ಟಾಯಿತು. ಚಿನ್ನದ ಬೆಲೆ ಏರಿದ್ದು, ಬೇರೆ ತಲೆಬರಹದ ಸಾಲಗಳನ್ನು ಇದಕ್ಕೆ ತಂದು ಬರೆದದ್ದು ಕೂಡ ಅದಕ್ಕೆ ಕಾರಣ, ಎಲ್ಲವೂ ಕಷ್ಟದ ಸಾಲವೆಂದು ಹೇಳಿದರೆ ಲೆಕ್ಕ ಬರೆಯುವವನಾಗಿ ನಾನು ತಪ್ಪುತ್ತೇನೆ. ಆದರೂ ಆ ಅಂಕಿ ಓದಿದಾಗ ನನಗೆ ಕಂಡದ್ದು ಕಡ್ಡಿ ಸಿಕ್ಕಿಸಿದ ಕಿವಿಗಳೇ.

ಬಿಡಿಸಿಕೊಂಡ ದಿನ

ಭಾವ ಆಗಸ್ಟಿನಲ್ಲಿ ಮತ್ತೆ ಗಾಡಿ ಹತ್ತಿದರು, ಈಗಲೂ ಸ್ವಲ್ಪ ಕುಂಟುತ್ತಾರೆ. ಹಬ್ಬದ ಬಟ್ಟೆ ಬಿಟ್ಟರು, ಮನೆಯ ಗೋಡೆಗೆ ಸುಣ್ಣ ಬಿಟ್ಟರು. ಅವ್ವನಿಗೆ ಅಪ್ಪನ ಪಿಎಫ್ ಪಿಂಚಣಿ ಅಂತ ತಿಂಗಳಿಗೆ ಸಾವಿರ ರೂಪಾಯಿ ಬರುತ್ತದೆ, 2014ರಲ್ಲಿ ನಿಗದಿಯಾದ ಕನಿಷ್ಠ ಮೊತ್ತ. ಅದನ್ನು ಅವಳು ಹನ್ನೊಂದು ತಿಂಗಳು ಮುಟ್ಟದೆ ಅಕ್ಕನ ಕೈಗೆ ಹಾಕಿದಳು. 2025ರ ಮೇ ತಿಂಗಳಲ್ಲಿ ಅಸಲು, ಬಡ್ಡಿ ಎಲ್ಲ ಕಟ್ಟಲು ಮತ್ತೆ ಅದೇ ಆಫೀಸಿಗೆ ಹೋದೆವು. ಈ ಸಲ ನಮ್ಮ ಜೊತೆ ಅವ್ವನೂ ಬಂದಿದ್ದಳು, ಶಕ್ತಿ ಯೋಜನೆಯ ಬಸ್ಸಿನಲ್ಲಿ, ಆಧಾರ್ ಕಾರ್ಡನ್ನು ಸೆರಗಿನಲ್ಲಿ ಕಟ್ಟಿಕೊಂಡು.

ಪೊಟ್ಟಣ ಒಡೆದು ಹುಡುಗ ತೂಕ ತೋರಿಸಿದ. ಅಕ್ಕ ಅಲ್ಲೇ ಕೌಂಟರಿನ ಮುಂದೆ ಕಡ್ಡಿ ತೆಗೆದಳು. ಬಲಗಿವಿಗೆ ಬೆಂಡೋಲೆ ಸಲೀಸಾಗಿ ಏರಿತು. ಎಡಗಿವಿಯ ತೂತು ಸಣ್ಣಗಾಗಿತ್ತು. ಅವ್ವ ಹತ್ತಿರ ಬಂದು, ಬೆರಳ ತುದಿಗೆ ತಲೆಯ ಎಣ್ಣೆಯನ್ನೇ ಸವರಿಕೊಂಡು, ತಿರುವಿ ತಿರುವಿ ಏರಿಸಿದಳು. ಅಕ್ಕನ ಕಣ್ಣಲ್ಲಿ ನೀರು ಬಂತು, ನೋವಿಗೋ ಏನೋ. ನಾನು ರಶೀದಿ ನೋಡುತ್ತಿದ್ದೆ. ತಲೆ ಎತ್ತಿದಾಗ ಅಕ್ಕ ಆ ಎರಡು ಪೊರಕೆ ಕಡ್ಡಿಗಳನ್ನು ಕರ್ಚೀಫಿನ ಮೂಲೆಯಲ್ಲಿ ಸುತ್ತಿ ಪರ್ಸಿನೊಳಗೆ ಇಡುತ್ತಿದ್ದಳು.

"ಬಿಸಾಕು ಅದನ್ನ" ಅಂದಳು ಅವ್ವ.

"ಇರ್ಲಿ ಬಿಡು" ಅಂತ ಅಕ್ಕ ಜಿಪ್ಪು ಎಳೆದಳು.